ಹೆಣವಾಗಿ ಮಲಗಿದ ಮಗಳ ವಿನಂತಿ

ನಮ್ಮ ದುರಂತ ನಾಟಕದಲ್ಲಿ ಕಠೋರ ತಂದೆಯೂ, ಮನೆಯಲ್ಲಿ ನನ್ನ ಸ್ವಂತ ತಂದೆಯೂ, ಎರಡೂ ಕಡೆ ನನ್ನ ಮದುವೆಯ ಏಕಮಾತ್ರ ಯಜಮಾನರೂ ಆದ ಮಾನ್ಯರೇ,

ತಮ್ಮ ಪಾದಗಳಿಗೂ, ತಾವು ದಿನಾ ನನ್ನ ಕನ್ನಡಿಯನ್ನು ಕಸಿದುಕೊಂಡು ಅಂಟಿಸಿಕೊಳ್ಳುವ ಬಿಳಿ ಗಡ್ಡಕ್ಕೂ ಅನಂತ ನಮಸ್ಕಾರಗಳು. ಬಣ್ಣದ ಕೋಣೆಯ ಬಾಗಿಲಿಗೆ ಈ ಪತ್ರ ಅಂಟಿಸುತ್ತಿರುವುದು ತಂಡದವರೆಲ್ಲ ಓದಲೆಂದೇ. ಮನೆಯಲ್ಲಿ ಬಾಯಿ ತೆರೆದರೆ ತಾವು, "ಅದೆಲ್ಲ ಆಮೇಲೆ, ಮೊದಲು ಮಾತು ಬಾಯಿಪಾಠ ಮಾಡು" ಎನ್ನುತ್ತೀರಿ.

ಮೊದಲಿಗೆ ತಮ್ಮ ಅಭಿನಯಕ್ಕೆ ಶರಣು. ಒಲ್ಲದ ವರನಿಗೆ ನನ್ನನ್ನು ಗಂಟು ಹಾಕಲು ತಾವು ಹೊರಟು, ನಾನು ವಿಷ ಕುಡಿದು ಬಿದ್ದ ಮೇಲೆ, "ಮಗಳೇ, ಬೇಡ ಅಂತ ಒಂದೇ ಒಂದು ಮಾತು ಹೇಳಿದ್ದರೆ ನಿಲ್ಲಿಸಿಬಿಡುತ್ತಿದ್ದೆನಲ್ಲ!" ಎಂದು ತಾವು ಗೋಳಾಡುವುದನ್ನು ಕೇಳಿ, ಪರದೆ ಎಳೆಯುವ ಚಿಕ್ಕಪ್ಪ ಕೂಡ ಹಗ್ಗ ಬಿಟ್ಟು ಮೂಗು ಒರೆಸಿಕೊಳ್ಳುತ್ತಾರೆ. ತಮ್ಮ ಕಣ್ಣೀರು ನೇರವಾಗಿ ನನ್ನ ಕಿವಿಯೊಳಕ್ಕೆ ಇಳಿಯುತ್ತದೆ. ಹೆಣವಾದ್ದರಿಂದ ಸಹಿಸಿಕೊಂಡಿದ್ದೇನೆ.

ಇಂಥ ಅಂತಃಕರಣದ ತಾವು, ನನ್ನನ್ನು ನೋಡಲು ಹುಡುಗನ ಕಡೆಯವರನ್ನು ನಿನ್ನೆಯ ಆಟಕ್ಕೇ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದು ತಮ್ಮ ಜಾಣತನಕ್ಕೆ ಕಳಶವಿಟ್ಟಂತಿತ್ತು. ಹುಡುಗಿಗೆ ಹಾಡಲು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಲೋಕ ಕೇಳುತ್ತದೆ. ಸಾಯಲು ಎಷ್ಟು ಚೆನ್ನಾಗಿ ಬರುತ್ತದೆಂದು ತೋರಿಸಿ ಮದುವೆ ಕುದುರಿಸಲು ಹೊರಟವರು ತಾವೊಬ್ಬರೇ. ಅದೂ ಸಾಲದೆ, ಎದೆಗೊತ್ತಿಕೊಂಡು ಅಳುತ್ತಲೇ ನನ್ನ ಕಿವಿಯಲ್ಲಿ, "ಮುಖ ಸ್ವಲ್ಪ ಆ ಕಡೆ ತಿರುಗಿಸೇ, ಹುಡುಗನ ಅಮ್ಮನಿಗೆ ಕಾಣ್ತಿಲ್ಲ" ಎಂದಿರಿ. ನಾನು ವಿಧೇಯಳಾಗಿ ತಿರುಗಿಸಿದೆ. ಹೆಣ ಹೊರಳಿದ್ದನ್ನು ಕಂಡು ಅದೇ ಅಮ್ಮ ಕಿಟಾರನೆ ಕಿರುಚಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ಹುಡುಗ ಕೆಟ್ಟವನಲ್ಲ, ಪಾಪ, ಚಪ್ಪಾಳೆಯನ್ನೂ ತಟ್ಟಿದ. ಆದರೆ ಮದುವೆಯಾದ ಮೇಲೆ ನಾನು ನಾಟಕ ಬಿಡಬೇಕೆಂದು ಅವನ ಮನೆಯವರು ಹೇಳಿದ್ದಕ್ಕೆ ತಾವು ತಲೆಯಾಡಿಸಿದಿರಂತೆ. ಅಪ್ಪಾ, ಅದನ್ನು ಕೇಳಿ ನನಗೆ ನಿಜವಾಗಿ ಅಳು ಬಂತು.

ಆದ್ದರಿಂದ ನನ್ನ ಮದುವೆ ಆಗಲೇಬೇಕಿದ್ದರೆ ಅದನ್ನು ವಿರಾಮದಲ್ಲೇ ಮುಗಿಸಿ, ಸಾಯುವ ಹೊತ್ತಿಗೆ ಸರಿಯಾಗಿ ನನ್ನನ್ನು ರಂಗಕ್ಕೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ. ಅದು ಆಗದಿದ್ದರೆ, ಮುಂದಿನ ಆಟಗಳಲ್ಲಿ ತಾವು ತಬ್ಬಿಕೊಂಡು ಅಳಲು ಹುಡುಗನ ಅಮ್ಮನನ್ನೇ ಮಲಗಿಸಿಕೊಳ್ಳಬಹುದು.

ತಮ್ಮ ವಿಶ್ವಾಸಿ,
ಆಟ ಮುಗಿಯುವವರೆಗೆ ಮಾತ್ರ ದಿವಂಗತಳಾದ ಮಗಳು

ವಿ.ಸೂ.: ಇವತ್ತೂ ಹುಡುಗನ ಕಡೆಯವರು ಬರುತ್ತಾರೆಂದು ಕೇಳಿದೆ. ತಾವು "ಬೇಡ ಅಂತ ಒಂದೇ ಒಂದು ಮಾತು ಹೇಳಿದ್ದರೆ" ಎಂದ ಕೂಡಲೇ ನಾನು ಕಣ್ಣು ಬಿಟ್ಟು, ಕೊನೆಯ ಬೆಂಚಿಗೂ ಕೇಳಿಸುವಂತೆ ಆ ಮಾತನ್ನು ಹೇಳಲಿದ್ದೇನೆ. ಅದರ ನಂತರದ ಮಾತು ತಮ್ಮದು; ದಯವಿಟ್ಟು ಬಾಯಿಪಾಠ ಮಾಡಿಕೊಂಡು ಬನ್ನಿ.