ಗಾಳಿ ಹಿಡಿದ ಕಾಫಿ

ಅರಸೀಕೆರೆಯ ನಮ್ಮ ಬೀದಿಗೆ ಮನರಂಜನೆ ಬೇಕಾದರೆ ಟೀವಿ ಹಾಕಬೇಕಾಗಿಲ್ಲ, ನಮ್ಮತ್ತೆ ಒಂದು ಹಟ ಹಿಡಿದರೆ ಸಾಕು. ವರ್ಷಕ್ಕೊಂದಾದರೂ ಹಿಡಿಯುತ್ತಾರೆ. ನಾನೀಗ ಹೇಳಹೊರಟಿರುವ ಹಟ ಹಿಡಿದದ್ದು, ಹಳೇಬೀಡಿನ ದಾರಿಯ ಗುಡ್ಡಗಳ ಮೇಲೆ ಕರೆಂಟು ತಯಾರಿಸುವ ಗಾಳಿಯಂತ್ರಗಳು ಹೊಸದಾಗಿ ಎದ್ದಾಗ. ನಮ್ಮ ಕಡೆ ಎಲ್ಲರೂ ಅವನ್ನು ಫ್ಯಾನು ಅಂತಲೇ ಕರೆಯುತ್ತಿದ್ದರು.

೧. ಶಪಥ

ಬಾಣಾವರದ ದೊಡ್ಡಮ್ಮ, ಅಂದರೆ ಅತ್ತೆಯ ಅಕ್ಕ, ಒಂದು ಭಾನುವಾರ ಬಂದವರು ನಮ್ಮ ಕಾಫಿ ಹೀರುತ್ತಾ, “ಆ ಫ್ಯಾನು ತಿರುಗಲ್ಲ ಕಣೇ. ಬಸ್ಸಲ್ಲಿ ಹೋದಾಗಲೆಲ್ಲ ನೋಡಿದೀನಿ. ಹೊಲಕ್ಕೆ ಬೆದರುಬೊಂಬೆ ನಿಲ್ಲಿಸ್ತಾರಲ್ಲ, ಹಾಗೆ ಗುಡ್ಡಕ್ಕೆ ಅದು,” ಅಂದರು.

“ತಿರುಗದೇ ಇರೋದನ್ನ ಯಾರಾದ್ರೂ ಅಷ್ಟೆತ್ತರ ಕಟ್ತಾರಾ?” ಅಂದರು ಅತ್ತೆ.

“ನೀನು ನೋಡಿದೀಯಾ?”

ಅತ್ತೆ ನೋಡಿರಲಿಲ್ಲ. ಅದೇ ಉರಿ. ಕೈಯಲ್ಲಿದ್ದ ಲೋಟ ಠಕ್ಕನೆ ಕೆಳಗಿಟ್ಟರು. “ಅದರ ಬುಡದಲ್ಲಿ ನಿಂತು, ತಿರುಗೋದನ್ನ ನೋಡ್ತಾ, ಅಲ್ಲೇ ಕಾಫಿ ಕುಡೀತೀನಿ. ಅಲ್ಲೀತನಕ ಕಾಫಿ ಮುಟ್ಟಿದ್ರೆ ಕೇಳು!”

ಹೊತ್ತು ಹೊತ್ತಿಗೆ ಕಾಫಿ ಬೇಕಾದ ಜೀವ. ಮಾರನೆಯ ಬೆಳಗ್ಗೆಯಿಂದಲೇ ತಲೆನೋವು, ಸಿಡುಕು. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡತೊಡಗಿದ. ನಮ್ಮೆಜಮಾನರು ಆಫೀಸಿನಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಕೂತರು. ಮನೆಯಲ್ಲಿ ಸಿಕ್ಕಿದವಳು ನಾನೊಬ್ಬಳೇ. ನಾನು ಮಾಡಿದ ಹುಳಿ ಹುಳಿಯಾಗಿದೆ ಅಂತ ಬೈಸಿಕೊಂಡೆ!

೨. ಕಲ್ಲು ತಿರುಗಿದರೆ

ಹೇಗಾದರೂ ಮಾಡಿ ಈ ಹೆಂಗಸಿಗೆ ಕಾಫಿ ಕುಡಿಸಲೇಬೇಕು ಅಂತ ನಾನೂ ಹಟ ತೊಟ್ಟೆ. ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು, ಅತ್ತೆಯ ಜೊತೆ ಯಜಮಾನರನ್ನೂ ಎಳೆದುಕೊಂಡು ವ್ಯಾನು ಹತ್ತಿದೆವು. ಗುಡ್ಡದ ಮೇಲೆ ಒಂದು ಎಲೆ ಅಲುಗಲಿಲ್ಲ. ಫ್ಯಾನಿನ ಮೂರು ರೆಕ್ಕೆಗಳೂ ಮುನಿಸಿಕೊಂಡ ಹಾಗೆ ನಿಂತಿದ್ದವು. ಅತ್ತೆ ಕತ್ತು ನೋಯುವ ತನಕ ಮೇಲೆ ನೋಡಿ, “ನಡೀರಿ” ಅಂದರು. ಫ್ಲಾಸ್ಕು ಬಿಚ್ಚಲು ಬಿಡಲಿಲ್ಲ.

ಬಂದದ್ದು ಬಂದೆವು ಅಂತ ಹಾಗೇ ಹಳೇಬೀಡಿಗೆ ಹೋದೆವು. ದೇವಸ್ಥಾನದ ಗೈಡು ಒಬ್ಬರು ನಾಟ್ಯದ ವಿಗ್ರಹ ತೋರಿಸಿ, “ನೋಡಿ ತಾಯಿ, ಇದು ಕಲ್ಲು ಅನ್ನಿಸುತ್ತಾ? ಇನ್ನೇನು ಗಿರ್ರನೆ ತಿರುಗಿಬಿಡುತ್ತೆ ಅನ್ನೋ ಹಾಗಿದೆ,” ಅಂದರು.

ಅತ್ತೆ ಸಿಡುಕಿದರು: “ನೀವೂ ಶುರು ಮಾಡಿದ್ರಾ? ಬೆಳಗ್ಗೆಯಿಂದ ಒಂದನ್ನ ಕಾದೇ ಸಾಕಾಗಿದೆ. ಇದು ತಿರುಗಿದ ಮೇಲೆ ಹೇಳಿ ಕಳಿಸಿ!”

೩. ಎರಡು ಗಾಳಿ

“ಯಾಕ್ರೀ ನಿಮ್ಮತ್ತೆ ಹೀಗೆ ಕೂಗಾಡ್ತಾರೆ?” ಅಂತ ಎದುರುಮನೆಯಾಕೆ ಕೇಳಿದರು.

“ಎಲ್ಲಾ ಗಾಳಿದೇ ಕಾಟ ಕಣ್ರೀ. ಗುಡ್ಡಕ್ಕೆ ಹೋಗಿಬಂದ ಮೇಲಂತೂ ಜಾಸ್ತಿಯಾಗಿದೆ,” ಅಂದೆ.

ನಾನು ಹೇಳಿದ್ದು ಬೀಸುವ ಗಾಳಿ. ಆಕೆ ಕೇಳಿಸಿಕೊಂಡದ್ದು ಮೆಟ್ಟಿಕೊಳ್ಳುವ ಗಾಳಿ. ಸಂಜೆಯೊಳಗೆ ನಿಂಬೆಹಣ್ಣು, ಬೇವಿನಸೊಪ್ಪಿನ ಸಮೇತ ಗಾಳಿ ಬಿಡಿಸುವವನೊಬ್ಬನನ್ನು ಕರೆತಂದೇಬಿಟ್ಟರು, ಪುಣ್ಯಾತ್ಗಿತ್ತಿ. ಅತ್ತೆ ತಲೆನೋವಿಗೆ ಬಟ್ಟೆ ಬಿಗಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಅವನು ನೇರವಾಗಿ ಹೋಗಿ ಮುಖದ ಮುಂದೆ ಸೊಪ್ಪು ಬೀಸಿದ. “ಯಾಕ್ ಬಂದಿದ್ದೀಯ? ಏನ್ ಬೇಕು ನಿಂಗೆ, ಯೋಳು!”

“ಕಾಫಿ!” ಅತ್ತೆ ಅವನಿಗಿಂತ ಜೋರಾಗಿ ಗದರಿದರು.

“ಕೊಟ್ರೆ ಬಿಟ್ಟೋಯ್ತೀಯಾ?”

“ಇಲ್ಲಿ ಬೇಡ. ಗುಡ್ಡದ ಮೇಲೆ ಬೇಕು!”

ಅವನು ಮೆಲ್ಲಗೆ ಸೊಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದ. “ಜಾಗ ಸಮೇತ ಯೋಳ್ತೈತೆ ಕಣಕ್ಕ. ಕೊಟ್ಬುಡಿ. ಇದು ನನ್ ಕೈಲಿ ಆಗಾಕಿಲ್ಲ.”

೪. ಆಷಾಢ

ಅಂತೂ ಆಷಾಢ ಬಂತು. ನಾನು ಒಗೆದು ಹರವಿದ ಬಟ್ಟೆಗಳೆಲ್ಲ ಎದುರುಮನೆ ಸೇರಿದ ದಿನ ಅತ್ತೆ, “ಇವತ್ತು ಹೊರಡೋದೇ” ಅಂದರು. ದೊಡ್ಡಮ್ಮನಿಗೆ ಫೋನು ಮಾಡಿ, ಬಾಣಾವರದಿಂದ ಕರೆಸಿ, ವ್ಯಾನಿನಲ್ಲಿ ಕಿಟಕಿ ಪಕ್ಕವೇ ಕೂರಿಸಿದರು.

ಫ್ಯಾನು ಭರ್ರೋ ಭರ್ರೋ ಅಂತ ತಿರುಗುತ್ತಿತ್ತು! ಅತ್ತೆ ಸೆರಗು ಬಿಗಿದು ಸಿಕ್ಕಿಸಿಕೊಂಡು ಅದರ ಬುಡಕ್ಕೇ ನಡೆದರು. ವಾಚ್‌ಮನ್ ಅಡ್ಡ ಬಂದ. “ಅಲ್ಲಿಗೋಗಂಗಿಲ್ಲ ಕಣವ್ವ.”

“ಹರಕೆ ಕಣಪ್ಪ,” ಅಂದರು ಅತ್ತೆ. ಪಾಪ, ಹರಕೆ ಅಂದ ಮೇಲೆ ಅವನು ಏನು ಮಾಡಿಯಾನು? ಪಕ್ಕಕ್ಕೆ ಸರಿದ.

ದೊಡ್ಡಮ್ಮ ತಲೆಯೆತ್ತಿ ಬಹಳ ಹೊತ್ತು ನೋಡಿದರು. ಕೊನೆಗೆ, “ತಿರುಗುತ್ತೆ ಕಣೇ, ಒಪ್ಕೊಂಡೆ,” ಅಂದರು. ಅತ್ತೆಯ ಕಣ್ಣು ತುಂಬಿತು. ನನಗೂ ಸಂತೋಷ ತಡೆಯಲಾಗಲಿಲ್ಲ, ಅಷ್ಟು ದಿನ ತಿಂದ ಬೈಗುಳವೆಲ್ಲ ಮರೆತೇಹೋಯಿತು. ಓಡಿಹೋಗಿ ಫ್ಲಾಸ್ಕು ಬಿಚ್ಚಿ ಹಬೆಯಾಡುವ ಕಾಫಿ ಬಗ್ಗಿಸಿದೆ. ಅರ್ಧ ಕಾಫಿ ಗಾಳಿಗೆ ಹಾರಿ ದೊಡ್ಡಮ್ಮನ ಸೀರೆಗೆ ಹೋಯಿತು. ಉಳಿದರ್ಧವನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ದೇವರನ್ನು ನೆನೆದು ತುಟಿಗಿಟ್ಟರು. ಮರುಕ್ಷಣವೇ ಮುಖ ಕಿವುಚಿದರು.

“ಥೂ, ಪೂರ್ತಿ ತಣ್ಣಗಾಗೋಗಿದೆ!”

ಆಮೇಲೆ ವಾಚ್‌ಮನ್ ಕಡೆ ತಿರುಗಿ ಕೂಗಿದರು: “ಏನಪ್ಪಾ, ಕಾಫಿ ಬಿಸಿಯಾಗಿ ಕುಡಿಯೋ ತನಕ ಆ ಫ್ಯಾನು ಒಂಚೂರು ಆಫ್ ಮಾಡು!”