ಕುಬಸದ ಅಳತೆ ಹೇಳಲು ನಾಚಿದ್ದಕ್ಕೆ

ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಬರೆಯಲು ಕೂತರೆ ಮಾತ್ರ ನಾಚಿಕೆಯಾಗುತ್ತದೆ, ಏಕೆಂದರೆ ಇದು ಕುಬಸದ ವಿಷಯ. ಕುಬಸ ಎಂದರೆ ನಾವು ಹೆಂಗಸರು ಸೀರೆಯೊಳಗೆ ತೊಟ್ಟು, ಎದೆಯ ಕೆಳಗೆ ಗಂಟು ಹಾಕುವ ರವಿಕೆ. ಗೊತ್ತಿದ್ದವರು ಕ್ಷಮಿಸಬೇಕು, ಗೊತ್ತಿಲ್ಲದವರಿಗಾಗಿ ಹೇಳಿದೆ. ನಿಜಾಮರ ಆ ಕಾಲದಲ್ಲಿ ದರ್ಜಿ ಹೆಂಗಸರ ಮೈಗೆ ಟೇಪು ಹಿಡಿಯುತ್ತಿರಲಿಲ್ಲ. ಹಳೆಯ ಕುಬಸವನ್ನೋ, ಗಂಟು ಹಾಕಿದ ದಾರವನ್ನೋ ಅಳತೆಗೆ ಕಳಿಸಬೇಕು. ನನ್ನ ಮಾನ ಹೋದದ್ದು ಅಲ್ಲಿಯೇ.

೧. ಹೊಚ್ಚ ಹೊಸ ಅಳತೆ

ಮದುವೆಯಾಗಿ ಕಮಲಾಪುರದಿಂದ ಕಲಬುರ್ಗಿಗೆ ಬಂದ ವರ್ಷ, ಪಂಚಮಿಗೆಂದು ಅವ್ವ ಖಣ ಕಳಿಸಿದಳು. ಖಣ ಎಂದರೆ ಕುಬಸದ ಬಟ್ಟೆ. ಅಳತೆಗೆ ಒಂದು ಕುಬಸ ಕೊಡು ಎಂದರು ಅತ್ತೆ. ನಾನು ದಿನಾ ತೊಡುವವೆಲ್ಲ ಕಂಕುಳಲ್ಲಿ ತೇಪೆ ಹಾಕಿದವು. ಪರಗಂಡಸು ಬಿಡಿಸಿ ನೋಡುತ್ತಾನಲ್ಲ ಎಂದು ನಾಚಿ, ಪೆಟ್ಟಿಗೆಯ ತಳದಲ್ಲಿದ್ದ ಹೊಚ್ಚ ಹೊಸದೊಂದನ್ನು ಕೊಟ್ಟೆ. ಅದು ಹೊಸದಾಗಿಯೇ ಉಳಿದದ್ದು ಏಕೆಂದರೆ, ಬಿಗಿಯಾಗುತ್ತದೆಂದು ನಾನು ಅದನ್ನು ತೊಟ್ಟೇ ಇರಲಿಲ್ಲ. ದರ್ಜಿ ಆ ಬಿಗಿಯನ್ನೂ ಬಿಡದೆ ಹೊಲಿದು ಕೊಟ್ಟ.

ಪಂಚಮಿಯ ದಿನ ಜೋಕಾಲಿಯ ಹಗ್ಗ ಹಿಡಿಯಲು ಕೈ ಎತ್ತಿದೆ. ಪರ್ರ್ ಎಂದಿತು. ಓಣಿಯ ಹೆಂಗಸರೆಲ್ಲ ತಿರುಗಿ ನೋಡಿದರು. ಸೆರಗು ಹೊದ್ದು ಮನೆಗೆ ಓಡಿ, ಅತ್ತೆಗೆ ನಡೆದದ್ದು ಹೇಳಿದೆ.

“ಚಲೋ ಕಾಣ್ತದಂತ ಅಳತಿಗಿ ಕೊಟ್ಟಿ ಏನು? ನಾಳಿಗಿ ನನ್ನ ಮಗಗ ಟೊಪ್ಪಿಗಿ ಹೊಲಸಾಕ, ಅವ ತೊಟ್ಟಿಲದಾಗ ಹಾಕ್ಕೋತಿದ್ದ ಕೂಸಿನ ಕುಂಚಿಗಿ ಒಯ್ದು ಕೊಡ್ತಿ ನೀ!”

೨. ಶೇರವಾನಿಯ ಮೇಲೆ

ಅವತ್ತಿನಿಂದ ಅತ್ತೆಗೆ ಒಂದು ಮಾತು ಸಿಕ್ಕಿತು: “ನಿಮ್ಮ ತವರಿನ ಅರಿವಿ ನಿನ್ನ ಮೈಗಿ ಕೂಡಂಗಿಲ್ಲ ಬಿಡು.” ಅರಿವಿ ಎಂದರೆ ಬಟ್ಟೆ. ಅದು ನನಗಲ್ಲ, ಅವ್ವನಿಗೆ ಹೇಳಿದ್ದೆಂದು ನನಗೆ ಅಳು ಬರುತ್ತಿತ್ತು. ಅವ್ವ ಇನ್ನೊಂದು ಹಸಿರು ಖಣ ಕಳಿಸಿದಳು. ಈ ಸಲ ಎದೆಯ ಸುತ್ತ ದಾರ ಹಿಡಿದು, ಗಂಟು ಹಾಕಿ, ಬಾಗಿಲ ಮರೆಯಿಂದಲೇ ನಮ್ಮ ಮನೆಯವರ ಕೈಗಿಟ್ಟೆ. ಅವರು ಕಚೇರಿಯ ಗುಮಾಸ್ತರು, ಶೇರವಾನಿಯಲ್ಲೇ ಅಂಗಡಿಗೆ ಹೋದರು. ಅಲ್ಲಿ ಅವರ ಮೇಲಿನ ಸಾಹೇಬರು ಕೂತಿದ್ದರಂತೆ. ಮುಂದಿನದನ್ನು ಇವರೇ ತಲೆ ತಗ್ಗಿಸಿ ನಮಗೆ ಹೇಳಿದ್ದು.

“ನಾಪು ಕೊಡ್ರಿ” ಎಂದನಂತೆ ದರ್ಜಿ, ಅಂದರೆ ಅಳತೆ.

ಸಾಹೇಬರ ಮುಂದೆ ಜೇಬಿನಿಂದ ಆ ದಾರ ತೆಗೆಯಲು ಇವರಿಗೆ ನಾಚಿಕೆ. “ನಾಪೇನ್ ಬ್ಯಾಡ. ನನ್ನಷ್ಟೇ ಅದಾಳ.”

“ನಿಮ್ಮಷ್ಟೇನ್ರಿ?”

“ಹೂಂ, ನನ್ನಷ್ಟೇ.”

ದರ್ಜಿ ಎದ್ದು ಬಂದು, ಶೇರವಾನಿಯ ಮೇಲೆಯೇ ಇವರ ಎದೆಗೆ ಟೇಪು ಹಿಡಿದ.

ಬಂದ ಕುಬಸದಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು. ಅತ್ತೆ ಹಣೆ ಚಚ್ಚಿಕೊಂಡರು. ನಾನು ಅಳುತ್ತ ಅದನ್ನು ಪೆಟ್ಟಿಗೆಯ ತಳಕ್ಕೆ ತುರುಕುವಾಗ ಇವರು ಮೆಲ್ಲಗೆ ಅಂದರು: “ಹೊಲಿಗಿ ಮಾತ್ರ ಗಟ್ಟಿ ಅದ ನೋಡು.”

೩. ಕುಬಸದ ಕಾರ್ಯ

ಏಳನೆಯ ತಿಂಗಳಲ್ಲಿ ಕಮಲಾಪುರದ ತವರಲ್ಲಿ ನನ್ನ ಕುಬಸದ ಕಾರ್ಯ. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಬಸ ತೊಡಿಸಿ ಆರತಿ ಎತ್ತುವುದನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅವ್ವ ತನ್ನ ಬಳಿಯಿದ್ದ ನನ್ನ ಮದುವೆಗೆ ಮುಂಚಿನ ಅಳತೆಗೇ ಹೊಲಿಸಿಬಿಟ್ಟಿದ್ದಳು. ಒಳಕೋಣೆಯಲ್ಲಿ ಇಬ್ಬರು ಎಳೆದರೂ ತುದಿ ತುದಿ ಕೂಡಲಿಲ್ಲ. ಹೊರಗೆ ಊರಿನ ಹೆಂಗಸರು, ನಡುವೆ ನಮ್ಮತ್ತೆ.

“ಬೀಗತಿ ಮುಂದ ನನ್ನ ಮಾರಿ ಎಲ್ಲಿಡ್ಲಿ?” ಅವ್ವನ ಕಣ್ಣು ತುಂಬಿತು.

ಬಾಣಂತನಕ್ಕೆಂದು ಪೆಟ್ಟಿಗೆ ಸಮೇತ ಬಂದಿದ್ದೆ. ತಳದಿಂದ ಆ ಹಸಿರು ಕುಬಸ ತೆಗೆದೆ. ಅದೂ ಅವ್ವನ ಖಣವೇ ತಾನೆ? ತೊಟ್ಟೆ. ತೋಳು, ಎದೆ, ಬೆನ್ನು, ಎಲ್ಲ ಹೇಳಿ ಹೊಲಿಸಿದಂತೆ ಕೂತಿತು. ಆರತಿಗೆ ಬಂದು ಕೂತೆ.

“ಏನ್ ಛಂದ ಕೂತದವ್ವ!” ಎಂದಳು ಒಬ್ಬ ಮುದುಕಿ. “ಇಷ್ಟು ಬರೋಬ್ಬರಿ ಯಾರ ಅಳತಿ ತೊಗೊಂಡ್ರಿ?”

ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಇನ್ನು ಅತ್ತೆ ತವರಿನ ಮಾತು ತೆಗೆಯುತ್ತಾರೆ ಎಂದು ಜೀವ ಹಿಡಿದುಕೊಂಡೆ.

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆ ಸರಿಸಿ, ಎಲ್ಲರಿಗೂ ಕೇಳುವಂತೆ ಅಂದರು: “ಅರಿವಿ ಬೀಗತಿದು. ಅಳತಿ ನನ್ನ ಮಗಂದು!”

ಹೊರಗೆ ಗಂಡಸರ ನಡುವೆ ಕೂತಿದ್ದ ಇವರು, ಅಂಥ ಸೆಕೆಯಲ್ಲೂ, ಬಿಚ್ಚಿದ್ದ ಶೇರವಾನಿಯ ಗುಂಡಿಗಳನ್ನು ಕೊರಳತನಕ ಹಾಕಿಕೊಂಡರಂತೆ.