ಸಂಕಷ್ಟಿಯ ದಿನ ನೆಟ್‌ವರ್ಕಿಗೆ ಸಿಕ್ಕ ಚಂದ್ರ

ಖಗೋಳ ವಿಜ್ಞಾನಕ್ಕೆ ನಿಮ್ಮಿಂದೇನಾದರೂ ಉಪಕಾರವಾಗುತ್ತದೆಯೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದರೂ ಮಾಡುವುದೇ ನಿಜವಾದ ಉಪಕಾರ ಎಂಬುದು ನನ್ನ ನಂಬಿಕೆ. ಈ ನಂಬಿಕೆಯಿಂದ ನಮ್ಮ ಮನೆಯ ಮಿಕ್ಸಿ, ಗೀಸರ್ ಮತ್ತು ಭಾವಮೈದುನನ ಮದುವೆಯ ಮಾತುಕತೆ, ಮೂರೂ ಈಗಾಗಲೇ ಕೆಟ್ಟಿವೆ.

ಒಂದು ಭಾನುವಾರ ವಿಜ್ಞಾನದ ಉಪನ್ಯಾಸಕ್ಕೆ ಹೋಗಿದ್ದೆ. ಪ್ರವೇಶ ಉಚಿತ, ಕೊನೆಯಲ್ಲಿ ಕಾಫಿಯೂ ಇತ್ತು. ಭಾಷಣಕ್ಕೆ ಬಂದಿದ್ದ ವಿಜ್ಞಾನಿ, ಒಬ್ಬ ಮನುಷ್ಯ ಒಂದು ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವ ಕಾಲ ಮುಗಿಯಿತು ಎಂದರು. ಈಗ ಬೇರೆ ಬೇರೆ ದೇಶಗಳ ದೂರದರ್ಶಕಗಳು, ಅವು ತೆಗೆದ ಚಿತ್ರಗಳ ಭಂಡಾರಗಳು, ಆ ಚಿತ್ರಗಳನ್ನು ಸಂಸ್ಕರಿಸುವ ಸೂಪರ್ ಕಂಪ್ಯೂಟರುಗಳು, ಎಲ್ಲವನ್ನೂ ಒಂದೇ ಜಾಲದಲ್ಲಿ ಜೋಡಿಸುತ್ತಾರಂತೆ. ಒಂದು ಊರಿನಲ್ಲಿ ಮೋಡವಿದ್ದರೆ ಇನ್ನೊಂದು ಊರಿನ ಕಣ್ಣಿನಿಂದ ನೋಡಬಹುದಂತೆ. ಸಭಿಕರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನಾನಾಗಲೇ ಕಾರ್ಯಕಾರಿ ಸಮಿತಿಯ ಪಟ್ಟಿ ಬರೆಯುತ್ತಿದ್ದೆ!

ನಾನು ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತನಾದವನು. ಆಕಾಶದಲ್ಲಿ ಗುರು ಯಾವುದು, ಶುಕ್ರ ಯಾವುದು ಎಂದು ಕೇಳಿದರೆ ನನಗೆ ತಿಳಿಯದು. ಆದರೆ ಸಂಘವೊಂದಕ್ಕೆ ನಿಯಮಾವಳಿ ಬರೆಯಲು ಹೇಳಿ, ಊಟದೊಳಗೆ ಮುಗಿಸುತ್ತೇನೆ. ದೂರದರ್ಶಕವೂ ಇತ್ತು. ಬೀಳ್ಕೊಡುಗೆಯಲ್ಲಿ ಸಹೋದ್ಯೋಗಿಗಳು ಕೊಟ್ಟಿದ್ದು. "ಇನ್ಮೇಲೆ ಆಕಾಶ ನೋಡ್ಕೊಂಡ್ ಕೂತ್ಕೊಳ್ಳಿ ಸಾರ್" ಎಂದು ಹಾರೈಸಿದ್ದರು. ಅದು ಹಾರೈಕೆಯೋ ಅಲ್ಲವೋ ಎಂದು ನಾನು ಹೆಚ್ಚು ಯೋಚಿಸಲಿಲ್ಲ.

ಹೀಗೆ ಸ್ಥಾಪನೆಯಾದದ್ದೇ 'ಪಶ್ಚಿಮ ಬೆಂಗಳೂರು ಸಂಯುಕ್ತ ಖಗೋಳ ವೀಕ್ಷಣಾಲಯ'. ಕೇಂದ್ರ ಕಚೇರಿ, ವಿಜಯನಗರದ ನಮ್ಮ ಮನೆಯ ತಾರಸಿ, ಬಟ್ಟೆ ಒಣಹಾಕುವ ತಂತಿಯ ಪಕ್ಕ. ಅಧ್ಯಕ್ಷ, ನಾನೇ. ಸುಂಕದಕಟ್ಟೆ ಶಾಖೆಗೆ ರುದ್ರಪ್ಪ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಈ ಸಜ್ಜನರು ಮಗಳಿಗೆಂದು ದೂರದರ್ಶಕ ತಂದಿದ್ದರು, ಅವಳು ಎರಡೇ ದಿನಕ್ಕೆ ಅದನ್ನು ಅಟ್ಟಕ್ಕೆ ಹಾಕಿದ್ದಳು. ಚಿತ್ರ ಭಂಡಾರ ದೀಪಾಂಜಲಿ ನಗರದಲ್ಲಿ, ಶಾಂತಾ ಮಿಸ್ ಅವರ ವಶದಲ್ಲಿ. ಭೂಗೋಳ ಪಾಠ ಮಾಡಿ ನಿವೃತ್ತರಾದ ಅವರು ಜೀವಮಾನದಲ್ಲಿ ಒಂದು ಕಾಗದವನ್ನೂ ಬಿಸಾಡಿದವರಲ್ಲ. ಇನ್ನು ಸೂಪರ್ ಕಂಪ್ಯೂಟರ್! ಅದು ಇದ್ದದ್ದು ನಾಗರಬಾವಿಯಲ್ಲಿ, ಮದುವೆ ಆಲ್ಬಂ ಮಾಡುವ ವೆಂಕಟೇಶನ ಸ್ಟುಡಿಯೋದಲ್ಲಿ.

"ಎಷ್ಟ್ ಫೋಟೋ ಕೊಟ್ರೂ ನುಂಗುತ್ತೆ ಸಾರ್ ನಮ್ ಸಿಸ್ಟಮ್ಮು. ಆಷಾಢದಲ್ಲಿ ಖಾಲಿ ಕೂತಿರುತ್ತೆ, ನೀವೇ ಏನಾದ್ರೂ ತಿನ್ಸಿ" ಎಂದು ಅವನು ಉದಾರವಾಗಿ ಒಪ್ಪಿಕೊಂಡ. ಈ ನಾಲ್ಕೂ ಕೇಂದ್ರಗಳನ್ನು ಜೋಡಿಸುವ ಅತ್ಯಾಧುನಿಕ ಜಾಲ ಯಾವುದೆಂದರೆ, ಮೊಬೈಲಿನಲ್ಲಿ ನಾನು ಮಾಡಿದ ಒಂದು ಗ್ರೂಪು.

ಮೊದಲ ಸಂಯುಕ್ತ ವೀಕ್ಷಣೆಗೆ ಆದೇಶ ಹೊರಡಿಸಿದೆ. 'ಪೂರ್ವ ದಿಕ್ಕಿನಲ್ಲಿ ಪ್ರಕಾಶಮಾನವಾಗಿ ತೋರುವ ಕಾಯವನ್ನು ಎಲ್ಲ ಶಾಖೆಗಳೂ ಏಕಕಾಲದಲ್ಲಿ ವೀಕ್ಷಿಸತಕ್ಕದ್ದು.' ಅರ್ಧ ಗಂಟೆಯಲ್ಲಿ ರುದ್ರಪ್ಪನವರ ಫೋನು ಬಂತು.

"ಸಾರ್, ಕೆಂಪು ಗ್ರಹ! ಮಿಣಮಿಣ ಅಂತಿದೆ. ಅರ್ಧ ಗಂಟೆಯಿಂದ ಒಂದಿಂಚೂ ಅಲ್ಲಾಡಿಲ್ಲ ಸಾರ್!"

"ಮಂಗಳ ಕಣ್ರೀ, ಮಂಗಳ!" ಎಂದು ನಾನು ನಡಾವಳಿ ಪುಸ್ತಕದಲ್ಲಿ ಅಭಿನಂದನೆ ದಾಖಲಿಸಿದೆ. ಬೆಳಿಗ್ಗೆ ಅವರು ಮತ್ತೆ ಫೋನ್ ಮಾಡಿ, ದನಿ ತಗ್ಗಿಸಿ, "ಸಾರ್, ಗ್ರಹದ ಕೆಳಗಡೆ ಕಂಬ ಇದೆ" ಎಂದರು. ಮೊಬೈಲ್ ಟವರಿನ ದೀಪ! ಅಭಿನಂದನೆಯನ್ನು ಹೊಡೆದುಹಾಕಬೇಕಾಯಿತು.

ಕೇಂದ್ರ ಕಚೇರಿಯ ಸಾಧನೆಯೇನೂ ಕಡಿಮೆಯದಲ್ಲ. ನಾನು ಶನಿಗ್ರಹ ಹುಡುಕುತ್ತಿದ್ದಾಗ ಎದುರು ಮನೆಯವರು ಬನಿಯನ್ನಿನಲ್ಲೇ ನಮ್ಮ ತಾರಸಿ ಹತ್ತಿ ಬಂದರು.

"ಏನ್ರೀ, ನಮ್ ಅಡುಗೆಮನೆ ಕಡೆ ಕೊಳವೆ ತಿರುಗ್ಸಿದೀರಾ?"

"ಇಲ್ಲ ಸಾರ್, ನಾನು ನೋಡ್ತಿದ್ದಿದ್ದು ಶನೀನ."

"ಯಾರ್ರೀ ಶನಿ? ಅಲ್ಲಿ ಪಾತ್ರೆ ತೊಳೀತಿದ್ದಿದ್ದು ನಮ್ಮತ್ತೆ!"

ಅವರಿಗೆ ಸೌರಮಂಡಲ ವಿವರಿಸಿ, ಕಾಫಿ ಕುಡಿಸಿ ಕಳಿಸುವಷ್ಟರಲ್ಲಿ ಶನಿ ಮುಳುಗಿತ್ತು. ಅವರ ಅತ್ತೆ ಇಂದಿಗೂ ನನ್ನನ್ನು ಕಂಡರೆ ಕಿಟಕಿ ಹಾಕಿಕೊಳ್ಳುತ್ತಾರೆ.

ಇಷ್ಟೆಲ್ಲದರ ನಡುವೆ ಚೊಕ್ಕಟವಾಗಿ ನಡೆಯುತ್ತಿದ್ದದ್ದು ಭಂಡಾರವೊಂದೇ. ಗ್ರೂಪಿಗೆ ಬಂದ ಯಾವ ಚಿತ್ರವನ್ನೂ ಅಳಿಸಕೂಡದೆಂಬುದು ಶಾಂತಾ ಮಿಸ್ ಅವರ ನಿಯಮ. ಕಂಬದ ಮೇಲಿನ ಮಂಗಳ, ರುದ್ರಪ್ಪನವರ ಹೆಬ್ಬೆರಳು, ನಾನು ಮಲಗುವ ಮುನ್ನ ಶಾಖೆಗಳಿಗೆ ಕಳಿಸುತ್ತಿದ್ದ ಶುಭಾಶಯ, ಪ್ರತಿಯೊಂದಕ್ಕೂ ಅವರು ನಂಬರು ಹಾಕಿ, ಹಾಜರಿ ಪುಸ್ತಕದಂತೆ ಗೆರೆ ಎಳೆದು ಬರೆದಿಡುತ್ತಿದ್ದರು.

ಈಗ ನನ್ನ ಹೆಂಡತಿ ಗಿರಿಜಾಳ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ನಾನು ಮೆಟ್ಟಿಲು ಹತ್ತುತ್ತಾ ಎದೆ ಹಿಡಿದುಕೊಂಡು ಕುಸಿದಿದ್ದೆ. ಎರಡು ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಬಾಗಿಲಲ್ಲಿ ಕೂತು ಗಿರಿಜಾ, ಇವರು ನಡೆದುಕೊಂಡು ಮನೆಗೆ ಬಂದರೆ ಇಪ್ಪತ್ತೊಂದು ಸಂಕಷ್ಟಿ ಮಾಡುತ್ತೇನೆಂದು ಗಣಪತಿಗೆ ಹರಕೆ ಹೊತ್ತಳು. ತಿಂಗಳಿಗೊಂದು ಸಂಕಷ್ಟಿ, ಹುಣ್ಣಿಮೆ ಕಳೆದು ನಾಲ್ಕನೆಯ ದಿನ. ಅವತ್ತು ದಿನವಿಡೀ ಉಪವಾಸ, ರಾತ್ರಿ ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟು, ಆಮೇಲೆ ಊಟ. ಇಪ್ಪತ್ತು ತಿಂಗಳು ತಪ್ಪದೆ ಮಾಡಿದ್ದಳು. ನನಗಾಗಿ ಇಪ್ಪತ್ತು ದಿನ ಹಸಿದುಕೊಂಡಿದ್ದವಳ ಬಗ್ಗೆ ತಮಾಷೆ ಮಾಡುವಷ್ಟು ನೀಚ ನಾನಲ್ಲ. ನಾನು ಮೂರ್ಖ ಅಷ್ಟೆ.

ಇಪ್ಪತ್ತೊಂದನೆಯ ಸಂಕಷ್ಟಿಯ ದಿನ ಬೆಳಗಿನಿಂದಲೇ ಮೋಡ. ಸಾಲದ್ದಕ್ಕೆ ನಮ್ಮ ಪೂರ್ವಕ್ಕೆ ಐದು ಮಹಡಿಯ ಕಟ್ಟಡವೊಂದು ಹೊಸದಾಗಿ ಎದ್ದು ನಿಂತಿತ್ತು. ಗಿರಿಜಾ ಸಂಜೆಯಿಂದ ನಾಲ್ಕು ಸಲ ತಾರಸಿಗೆ ಹೋಗಿ ಇಳಿದು ಬಂದಳು.

"ಮೋಡ ಇದ್ರೆ ಕ್ಯಾಲೆಂಡರ್ ಟೈಮ್ ನೋಡಿ ಊಟ ಮಾಡ್ತಾರಂತೆ ಕಣೇ" ಎಂದೆ.

"ಮಾಡೋರು ಮಾಡ್ಲಿ. ನಮ್ಮಮ್ಮ ಚಂದ್ರನ್ನ ನೋಡ್ದೆ ಒಂದ್ ತುತ್ತೂ ಬಾಯಿಗಿಡ್ತಿರ್ಲಿಲ್ಲ. ಇದು ಕೊನೇದು ರೀ, ಇದನ್ನ ಕೆಡಿಸ್ಕೊಳ್ಳಲ್ಲ ನಾನು."

ಆಗ ನನ್ನೊಳಗಿನ ಅಧ್ಯಕ್ಷ ಎದ್ದು ನಿಂತ. "ಅಯ್ಯೋ ಮಂಕೆ! ಮನೇಲೇ ವೀಕ್ಷಣಾಲಯ ಇಟ್ಕೊಂಡು ಚಂದ್ರ ಇಲ್ಲ ಅಂತೀಯಲ್ಲ! ಇಲ್ಲಿ ಮೋಡ ಇದ್ರೆ ಸುಂಕದಕಟ್ಟೇಲಿ ನೋಡ್ತೀವಿ. ಅದಕ್ಕೇ ಅಲ್ವಾ ಜಾಲ ಇರೋದು? ಟೀವಿಲೇ ತೋರಿಸ್ತೀನಿ, ಕೂತ್ಕೋ."

"ಟೀವೀಲಿ ನೋಡಿದ್ರೆ ನೋಡ್ದಂಗಾ?"

"ನಿಮ್ಮಣ್ಣನ ಮೊಮ್ಮಗು ನಾಮಕರಣ ಫೋನಲ್ಲಿ ನೋಡ್ಕೊಂಡು ಅಕ್ಷತೆ ಹಾಕ್ಲಿಲ್ವಾ ನೀನು?"

"ನಿಜವಾದ ಚಂದ್ರ ತಾನೇ ರೀ? ಇವತ್ತಿಂದು?"

"ನೂರಕ್ಕೆ ನೂರು. ನಾನ್ ಹೇಳ್ತಿದೀನಲ್ಲ!"

ಪಕ್ಕದ ಮನೆಯ ಸರೋಜಮ್ಮನವರದೂ ಸಂಕಷ್ಟಿ. ವಿಜ್ಞಾನದ ಸುದ್ದಿ ಕಾಂಪೌಂಡ್ ಗೋಡೆಯ ಮೇಲಿಂದ ತಲುಪಿ, ಅವರೂ ಆರತಿ ತಟ್ಟೆ ಹಿಡಿದುಕೊಂಡು ಬಂದು ನಮ್ಮ ಸೋಫಾದಲ್ಲಿ ಕೂತರು. ಚಂದ್ರೋದಯದ ಹೊತ್ತು ಮೀರಿ ಕಾಲು ಗಂಟೆಯಾದ ಮೇಲೆ ನಾನು ಸುಂಕದಕಟ್ಟೆಗೆ ಫೋನ್ ಮಾಡಿದೆ. ಸುಂಕದಕಟ್ಟೆಗೂ ವಿಜಯನಗರಕ್ಕೂ ಒಂದೇ ಮೋಡ ಎಂಬುದು ನಿಯಮಾವಳಿ ಬರೆಯುವಾಗ ಹೊಳೆದಿರಲಿಲ್ಲ.

"ಮೋಡದ ಹಿಂದೆ ಏನೋ ಬೆಳ್ಳಗಿದೆ ಸಾರ್" ಎಂದರು ರುದ್ರಪ್ಪ. "ಈ ಸಲ ಕೆಳಗಡೆ ಕಂಬ ಇಲ್ಲ, ಮೊದ್ಲೇ ಚೆಕ್ ಮಾಡ್ದೆ."

ಅವರು ಕಳಿಸಿದ ಹನ್ನೊಂದು ಫೋಟೋಗಳೂ ಕಂಬಳಿಯ ಮೇಲೆ ಮಜ್ಜಿಗೆ ಚೆಲ್ಲಿದಂತಿದ್ದವು. ನಾನು ಧೃತಿಗೆಡಲಿಲ್ಲ. ಎಲ್ಲವನ್ನೂ ನಾಗರಬಾವಿಯ ಸೂಪರ್ ಕಂಪ್ಯೂಟರಿಗೆ ರವಾನಿಸಿದೆ.

"ಇದ್ರಲ್ಲಿ ಏನೂ ಕಾಣ್ತಿಲ್ವಲ್ಲ ಸಾರ್" ಎಂದ ವೆಂಕಟೇಶ.

"ಭಂಡಾರದಿಂದ ಹಳೇ ಚಿತ್ರ ತರಿಸ್ಕೊಂಡು ಹೋಲಿಸಿ ಸಂಸ್ಕರಿಸಪ್ಪ! ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಹಾಗೇ ಮಾಡೋದು. ಇಬ್ರು ಹೆಂಗಸರು ಬೆಳಗಿಂದ ಉಪವಾಸ ಇದ್ದಾರೆ, ಅರ್ಜೆಂಟು!"

"ಅರ್ಜೆಂಟಾ? ಹಂಗಾದ್ರೆ ಮದುವೆ ಸೆಟ್ಟಿಂಗಲ್ಲೇ ಹಾಕ್ಬಿಡ್ತೀನಿ ಬಿಡಿ ಸಾರ್."

ಹಾಗೆಂದರೇನು ಎಂದು ನಾನು ಕೇಳಬೇಕಿತ್ತು. ಅಧ್ಯಕ್ಷರಾದವರು ಅಂಥದನ್ನೆಲ್ಲ ಕೇಳುವುದಿಲ್ಲ.

ಹತ್ತು ನಿಮಿಷದಲ್ಲಿ ನಮ್ಮ ಟೀವಿಯಲ್ಲಿ ಚಂದ್ರೋದಯವಾಯಿತು. ಅಬ್ಬಾ, ಏನು ಚಂದ್ರ! ತೊಳೆದ ಬೆಳ್ಳಿ ತಟ್ಟೆಯ ಹಾಗೆ ಥಳಥಳ ಹೊಳೆಯುತ್ತಿದ್ದ.

"ಸುತ್ತ ಗುಲಾಬಿ ಹೂವು ಯಾಕ್ರೀ ಇದೆ?" ಎಂದಳು ಗಿರಿಜಾ.

"ಸಾಫ್ಟ್‌ವೇರು" ಎಂದೆ. ಗೊತ್ತಿಲ್ಲದ್ದಕ್ಕೆಲ್ಲ ಅದೇ ಉತ್ತರ.

ಅವಳು ಟೀವಿಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ಉದ್ಧರಣೆಯಿಂದ ಅರ್ಘ್ಯ ಬಿಟ್ಟಳು. ರಿಮೋಟು ನೆನೆಯಿತು, ನೆನೆಯಲಿ ಬಿಡಿ. ಕೈಮುಗಿದು ನಿಂತವಳ ಕಣ್ಣಲ್ಲಿ ನೀರಿತ್ತು. "ಮುಗೀತು ರೀ. ಇಪ್ಪತ್ತೊಂದೂ ಮುಗೀತು" ಎಂದು ಒಂದು ಕಡುಬು ಮುರಿದು ಬಾಯಿಗಿಟ್ಟುಕೊಂಡಳು. ಮುಚ್ಚಿಡುವುದೇಕೆ, ಇದೆಲ್ಲ ನನ್ನ ಜಾಲದ ಪ್ರತಾಪ ಎಂದು ನನ್ನ ಎದೆ ಉಬ್ಬಿತು.

ಸರೋಜಮ್ಮ ಕಡುಬನ್ನು ಬಾಯಿಯ ತನಕ ತಂದವರು ಹಾಗೇ ನಿಂತರು.

"ಗಿರಿಜಾ, ಚಂದ್ರನಲ್ಲಿ ಮೊಲ ಎಲ್ಲೇ?"

ನೋಡಿದೆ. ಮೊಲವಿರಲಿಲ್ಲ! ಹುಟ್ಟಿದಾಗಿನಿಂದ ಚಂದ್ರನ ಹೊಟ್ಟೆಯಲ್ಲಿ ನೋಡುತ್ತಿದ್ದ ಮೊಲದ ಒಂದು ಕಿವಿಯೂ ಇರಲಿಲ್ಲ.

"ಅಲ್ಲಾ, ಇವತ್ತು ಚೌತಿ. ಒಂದ್ ಪಕ್ಕ ಸವೆದಿರ್ಬೇಕು ತಾನೇ? ಇದು ಹಪ್ಪಳ ಇದ್ದಂಗೆ ಗುಂಡಗಿದೆಯಲ್ಲೇ!"

"ದೊಡ್ಡದು ಮಾಡಿ ನೋಡಿದ್ರೆ ಹಾಗೇ ಸರೋಜಮ್ಮ..." ಎಂದು ನಾನು ಶುರುಮಾಡಿದೆ. ಗಿರಿಜಾ ಕಡುಬನ್ನು ಕೆಳಗಿಟ್ಟಳು. "ಫೋನ್ ಮಾಡಿ. ಸ್ಪೀಕರ್ ಹಾಕಿ" ಎಂದಳು.

ವೆಂಕಟೇಶ ಬಹಳ ಉತ್ಸಾಹದಲ್ಲಿದ್ದ. "ಸೂಪರಾಗಿ ಬಂದಿದೆ ಅಲ್ವಾ ಸಾರ್?"

"ಮೊಲ ಎಲ್ಲಪ್ಪಾ?"

"ಮೊಲಾನಾ? ಓ, ಮುಖದ ಮೇಲೆ ಕಪ್ಪಗೆ ಕಲೆ ಇತ್ತಲ್ಲ, ಅದಾ? ಕ್ಲೀನ್ ಮಾಡ್ದೆ ಸಾರ್. ಮದುಮಗಳ ಮೊಡವೆ ತೆಗೀತೀವಲ್ಲ, ಹಂಗೆ."

"ಮತ್ತೆ ಚೌತಿ ಚಂದ್ರ ಇಷ್ಟು ಗುಂಡಗೆ ಹೇಗಾದ?"

"ರುದ್ರಪ್ಪೋರ ಫೋಟೋದಲ್ಲಿ ಮುಖಾನೇ ಇರ್ಲಿಲ್ವಲ್ಲ ಸಾರ್! ಗ್ರೂಪ್ ಫೋಟೋದಲ್ಲಿ ಮಾವ ಕಣ್ ಮುಚ್ಚಿದ್ರೆ ನಾವು ಬೇರೆ ಫೋಟೋದಿಂದ ಮುಖ ತಂದು ಕೂರಿಸ್ತೀವಿ. ಹಂಗೇ ಶಾಂತಾ ಮಿಸ್ ಕಳಿಸಿದ್ರಲ್ಲಿ ಯಾವ್ದು ಚೆನ್ನಾಗಿತ್ತೋ ಅದನ್ನ ಕೂರಿಸ್ದೆ."

ಶಾಂತಾ ಮಿಸ್ ಅವರನ್ನೂ ಅದೇ ಕರೆಗೆ ಸೇರಿಸಿಕೊಂಡೆ. ಪುಟ ತಿರುವುವ ಸದ್ದು ಕೇಳಿಸಿತು. "ದಾಖಲೆ ನಂಬರ್ ಇನ್ನೂರ ಹನ್ನೆರಡು" ಎಂದು ಅವರು ತರಗತಿಯಲ್ಲಿ ಓದುವಂತೆ ಓದಿದರು. "ಚಿತ್ರ: ಹುಣ್ಣಿಮೆ ಚಂದ್ರ. ಕಳಿಸಿದವರು: ಅಧ್ಯಕ್ಷರು. ವಿವರ: ಶುಭರಾತ್ರಿ."

"ಕೆಳಗಡೆ 'ಸಿಹಿ ಕನಸು ಬೀಳಲಿ' ಅಂತ ಬರೆದಿತ್ತು ಸಾರ್, ಅದನ್ನೂ ಅಳಿಸ್ದೆ" ಎಂದ ವೆಂಕಟೇಶ, ಬೋನಸ್ ಕೊಡುವವನಂತೆ.

ನಾನು ಫೋನಿಟ್ಟೆ. ಸರೋಜಮ್ಮ ತಮ್ಮ ಕಡುಬನ್ನು ಮೆಲ್ಲಗೆ ತಟ್ಟೆಗೆ ಹಾಕಿದರು. ಅವರ ವ್ರತ ಉಳಿದಿತ್ತು. ಗಿರಿಜಾ ಬೈಯುತ್ತಾಳೆಂದು ಕಾದೆ. ಮೂವತ್ತನಾಲ್ಕು ವರ್ಷದ ಅನುಭವದಿಂದ, ಬೈಯುವಾಗ ಎಲ್ಲಿ ನಿಲ್ಲಬೇಕೆಂದು ನನಗೆ ಗೊತ್ತಿದೆ. ಅವಳು ಬೈಯಲಿಲ್ಲ. ಉಳಿದರ್ಧ ಕಡುಬನ್ನು ನೋಡುತ್ತಾ, "ತಿಂದ್ಬಿಟ್ಟೆನಲ್ಲ ರೀ" ಎಂದಳು. ಅವಳು ಹಾಗಂದಾಗ ನನಗೆ ಅಳು ಬಂತು. ನಿಜವಾಗಿಯೂ ಬಂತು. ಯಾರ ಪ್ರಾಣಕ್ಕೆಂದು ಹರಕೆ ಹೊತ್ತಳೋ ಅವನೇ ಕೊನೆಯ ದಿನ ಅದನ್ನು ಹಾಳುಮಾಡಿದ್ದ, ಅದೂ ಗುಲಾಬಿ ಹೂವಿನ ಅಂಚು ಹಾಕಿ!

ಅಷ್ಟರಲ್ಲಿ ಗೇಟಿನ ಹತ್ತಿರ ಹೋಗಿದ್ದ ಸರೋಜಮ್ಮ ಕೂಗಿದರು. "ಬಾರೇ ಗಿರಿಜಾ, ಬೇಗ ಬಾ! ಮೂಲೇಲಿ ಕಾಣ್ತಿದೆಯಂತೆ!"

ರಸ್ತೆಯ ಮೂಲೆಯಲ್ಲಿ, ಹಾಲಿನ ಅಂಗಡಿಯ ಮುಂದೆ, ಹತ್ತು ಹನ್ನೆರಡು ಹೆಂಗಸರು ನೀರಿನ ಲೋಟ ಹಿಡಿದು ನಿಂತಿದ್ದರು. ಅಧ್ಯಕ್ಷರಿಲ್ಲ, ನಡಾವಳಿಯಿಲ್ಲ. ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರಿಗೆ ಕೂಗಿ ಹೇಳಿ ಆಗಲೇ ಮೂರು ಬೀದಿಯವರು ಸೇರಿದ್ದರು. ಎರಡು ಕಟ್ಟಡಗಳ ಸಂದಿಯಲ್ಲಿ, ಮೆಟ್ರೋ ಹಳಿಯ ಮೇಲೆ, ಮೋಡ ಸರಿದು ಚಂದ್ರ ನಿಂತಿದ್ದ. ಒಂದು ಪಕ್ಕ ಸವೆದಿತ್ತು. ಮೊಲವೂ ಇತ್ತು, ಎರಡೂ ಕಿವಿ ಸಮೇತ. ನೋಡಲು ದೂರದರ್ಶಕ ಬೇಕಿರಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಇಪ್ಪತ್ತು ಹೆಜ್ಜೆ ಬರಬೇಕಿತ್ತು.

ಗಿರಿಜಾ ಮತ್ತೊಮ್ಮೆ ಅರ್ಘ್ಯ ಬಿಟ್ಟಳು. ಸರೋಜಮ್ಮ ಅವಳ ಬೆನ್ನು ಸವರಿದರು. "ಗೊತ್ತಿಲ್ದೆ ತಿಂದಿದ್ದು ಕಣೇ. ಗಣಪತಿ ಲೆಕ್ಕಕ್ಕೆ ತಗೊಳ್ಳಲ್ಲ ಬಿಡು."

"ಗಣಪತಿ ಬಿಡ್ತಾನೆ ಸರೋಜಮ್ಮ. ನನ್ ಮನಸ್ಸು ಬಿಡಲ್ಲ. ಮುಂದಿನ್ ತಿಂಗಳಿಂದ ಮತ್ತೆ ಒಂದನೇದು."

"ಬೇಡ ಕಣೇ!" ಎಂದೆ ನಾನು. "ಮತ್ಯಾಕೆ ಹಸಿದುಕೊಂಡಿರ್ತೀಯ? ಮೊನ್ನೆ ಡಾಕ್ಟ್ರೇ ಹೇಳ್ಲಿಲ್ವಾ, ಹೃದಯ ಈಗ ಕಲ್ಲುಗುಂಡು ಇದ್ದಂಗಿದೆ ಅಂತ?"

"ಹೃದಯಕ್ಕಲ್ಲ ರೀ. ಅದು ಸರಿಹೋಗಿದೆ. ಈ ಸಲ ನಿಮ್ ತಲೆಗೆ."

ಸರೋಜಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಕಾಳಜಿಯಿತ್ತು.

"ತಲೆಗೆ ಇಪ್ಪತ್ತೊಂದು ಸಾಕಾಗುತ್ತೇನೇ ಗಿರಿಜಾ?"

ಗಿರಿಜಾ ಬೆರಳು ಮಡಚಿ ಎಣಿಸತೊಡಗಿದಳು.